ಹಸಿವಿನ ಮಂತ್ರಿ

ಸೋಮವಾರ ಬೆಳಿಗ್ಗೆ ಬಸ್ಸಿನ ಕಂಬಿಗೆ ಜೋತುಬಿದ್ದು ನಿಂತಿದ್ದವನಿಗೆ, ತಾನು ಇದುವರೆಗೆ ಎಷ್ಟು ಜನರನ್ನು ಉಪವಾಸ ಕೆಡವಿ ಕೊಂದಿರಬಹುದು ಎಂಬ ಯೋಚನೆ ಬಂತು; ಬಂದ ಯೋಚನೆಗೆ ಅವನು ತಾನೇ ನಕ್ಕ. ಕೊಲ್ಲುವುದೇ ಅವನ ಉದ್ಯೋಗ. ಮೊಬೈಲಿನಲ್ಲಿ ಆಡುವ ಒಂದು ಕಾಡಿನ ಆಟ. ವಿಮಾನ ಬಿದ್ದು ದಿಕ್ಕಿಲ್ಲದೆ ಉಳಿದ ಮನುಷ್ಯ ಕಡ್ಡಿ ಕಲ್ಲು ಆಯ್ದು, ಬೆಂಕಿ ಹೊತ್ತಿಸಿ, ಹೇಗೋ ಜೀವ ಉಳಿಸಿಕೊಳ್ಳಬೇಕು. ಆ ಮನುಷ್ಯನಿಗೆ ಎಷ್ಟು ಹೊತ್ತಿಗೆ ಹಸಿವಾಗಬೇಕು, ಎಷ್ಟು ನಡೆದರೆ ಬಾಯಾರಬೇಕು, ಒದ್ದೆ ಬಟ್ಟೆಯಲ್ಲಿ ಎಷ್ಟು ನಿಂತರೆ ಹಲ್ಲು ಕಟಕಟ ಅನ್ನಬೇಕು ಎಂಬುದನ್ನೆಲ್ಲ ತೀರ್ಮಾನ ಮಾಡುವವನು ಇವನು. ಆಫೀಸಿನವರು ಅವನಿಗೆ ಹಸಿವಿನ ಮಂತ್ರಿ ಎಂದು ಹೆಸರಿಟ್ಟಿದ್ದರು. ಕರೆದು ಕರೆದು ಅದು ಸವೆದು ಬರೀ ಮಂತ್ರಿ ಎಂದಾಗಿತ್ತು. ಒಂದು ಹೊತ್ತಿನ ಊಟ ಅರ್ಧ ಗಂಟೆ ತಡವಾದರೆ ತಲೆ ಹಿಡಿದುಕೊಂಡು ಮನೆಯವರ ಮೇಲೆ ರೇಗುವ ಮಂತ್ರಿ. ಕಾಡು, ಬೆಂಕಿ, ಬೇಟೆ ಎಲ್ಲವನ್ನೂ ಅವನು ತಿರುಗುವ ಕುರ್ಚಿಯಲ್ಲಿ ಕೂತು, ಎ.ಸಿ. ಜಾಸ್ತಿಯಾಯಿತೆಂದು ಸ್ವೆಟರ್ ಹಾಕಿಕೊಂಡು ಕಲಿತಿದ್ದ. ಮೊನ್ನೆ ಶನಿವಾರದವರೆಗೆ ನಿಜವಾದ ಕಾಡನ್ನು ಕಣ್ಣಾರೆ ಕಂಡಿರಲಿಲ್ಲ. ಶನಿವಾರ ಕಂಡ. ತೊಂದರೆ ಶುರುವಾದದ್ದು ಅಲ್ಲಿಂದ.

ಎದುರಿನ ಸೀಟಿನ ಹೆಂಗಸೊಬ್ಬಳು ಒಂದು ಕೈಯಲ್ಲಿ ಚೀಲ ಅವುಚಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಫೋನಿನಲ್ಲಿ ಏನೋ ಆಡುತ್ತಿದ್ದಳು. ಅಭ್ಯಾಸಬಲದಿಂದ ಅವನ ಕಣ್ಣು ಆ ಹೆಬ್ಬೆರಳಿಗೆ ಅಂಟಿಕೊಂಡಿತು. ಗೋಡೆಯಗಲದ ಪರದೆಗೆ ಆಟ ಮಾಡುವ ಪುಣ್ಯವಂತರಿಗೆ ಈ ಹೆಬ್ಬೆರಳಿನ ಕಷ್ಟ ಗೊತ್ತಿಲ್ಲ. ಮೊಬೈಲಿನಲ್ಲಿ ಇಡೀ ಕಾಡು ಒಂದು ಬೆರಳಿನ ಅಡಿಯಲ್ಲಿ ಹಿಡಿಸಬೇಕು. ತೋಳ ಬಂದದ್ದು ಹೆಬ್ಬೆರಳಿನ ಮರೆಯಲ್ಲಾದರೆ ಆಡುವವನು ಸತ್ತು, ಒಂದೇ ಒಂದು ನಕ್ಷತ್ರ ಕೊಟ್ಟು, ಹಿಡಿಶಾಪ ಹಾಕಿ ಹೋಗುತ್ತಾನೆ. ಎರಡು ಸ್ಟಾಪಿನ ನಡುವೆ ಬೆಂಕಿ ಹೊತ್ತಿಕೊಳ್ಳಬೇಕು. ನಡುವೆ ಅತ್ತೆಯ ಫೋನ್ ಬಂದರೆ ತೋಳ ಹಾರಿದ್ದು ಹಾರಿದಲ್ಲೇ ಗಾಳಿಯಲ್ಲಿ ಕಾದಿದ್ದು, ಅತ್ತೆಯ ಮಾತು ಮುಗಿದ ಮೇಲೆ ಕೆಳಗಿಳಿದು ಕಚ್ಚಬೇಕು. ನೆಟ್‌ವರ್ಕ್ ಸಿಗದ ಕಡೆಯೂ ಹಸಿವಾಗಬೇಕು. ಇವೆಲ್ಲ ಅವನು ಮೀಟಿಂಗುಗಳಲ್ಲಿ ಆಡಿ ಹೆಸರು ಗಳಿಸಿದ ಮಾತುಗಳು. ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು ಇನ್ನೊಂದು: ಸತ್ತವನಿಗೆ ತಾನು ಸತ್ತದ್ದು ತನ್ನ ತಪ್ಪಿನಿಂದಲೇ ಎಂದು ಅನ್ನಿಸಬೇಕು, ಆಗ ಮತ್ತೆ ಆಡುತ್ತಾನೆ, ಆಟದ ತಪ್ಪು ಅನ್ನಿಸಿದರೆ ಅಳಿಸಿ ಹಾಕುತ್ತಾನೆ. ಬಾಸ್ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಟಾಯ್ಲೆಟ್ಟಿಗೆ ಹೋಗುವ ದಾರಿಯ ಗೋಡೆಗೆ ಅಂಟಿಸಿದ್ದರು. ದಿನಕ್ಕೆ ನಾಲ್ಕಾರು ಸಲ ತನ್ನ ಮಾತನ್ನೇ ಓದಿಕೊಂಡು ಹೋಗಿ ಬರುವ ಭಾಗ್ಯ ಎಷ್ಟು ಜನರಿಗಿರುತ್ತದೆ.

ಶನಿವಾರದ ಪ್ರವಾಸ ಬಾಸ್ ತಲೆಯಲ್ಲಿ ಹುಟ್ಟಿದ್ದು. ಕಾಡು ನೋಡದೆ ಕಾಡಿನ ಆಟ ಮಾಡ್ತಿದ್ದೀವಲ್ಲ, ನಮಗೆ ನಾಚಿಕೆ ಆಗ್ಬೇಕು ಎಂದು ಅವರು ಒಂದು ದಿನ ಥಟ್ಟನೆ ಹೇಳಿ, ಎಲ್ಲರಿಗೂ ಟೋಪಿ, ಒಂದೊಂದು ನೀರಿನ ಬಾಟಲಿ ಹಂಚಿ, ಬಸ್ ಮಾಡಿ ಕರೆದುಕೊಂಡು ಹೋಗಿದ್ದರು. ಕಾಡೆಂದರೆ ಟಿಕೆಟ್ ಪಡೆದು ಒಳಗೆ ಹೋಗುವ ಕಾಡು. ಬಾಗಿಲಲ್ಲಿ ಪಾರ್ಕಿಂಗು, ಪಾರ್ಕಿಂಗಿನ ಪಕ್ಕದಲ್ಲಿ ಕ್ಯಾಂಟೀನು, ಮರಮರಕ್ಕೂ ಹಳದಿ ಬಾಣ, ಬಾಣ ಮುಗಿದಲ್ಲಿ ಕಸದ ಡಬ್ಬಿ. ಅಂಥ ಕಾಡಿನಲ್ಲಿ ದಾರಿ ತಪ್ಪಬೇಕಾದರೆ ವಿಶೇಷ ಪ್ರತಿಭೆಯೇ ಬೇಕು, ಅದು ಅವನಲ್ಲಿತ್ತು. ಬಾಣದ ದಾರಿ ಸುತ್ತುಬಳಸು, ಮರದ ಯಾವ ಮಗ್ಗುಲಲ್ಲಿ ಪಾಚಿ ಕಟ್ಟಿದೆ ಎಂದು ನೋಡಿಕೊಂಡು ಹೋದರೆ ನೆಟ್ಟಗೆ ಕ್ಯಾಂಟೀನಿನ ಬೆನ್ನಿಗೇ ಬರಬಹುದು ಎಂದು ಅವನು ಪಕ್ಕದಲ್ಲಿ ನಡೆಯುತ್ತಿದ್ದ ಟೆಸ್ಟಿಂಗ್ ಅಕ್ಕನಿಗೆ ವಿವರಿಸಿದ. ಆ ಕಾಡಿನ ಪಾಚಿ ಅಷ್ಟು ಓದಿಕೊಂಡಿರಲಿಲ್ಲ. ಮರದ ಸುತ್ತಲೂ ಬೆಳೆದಿತ್ತು.

ಟೆಸ್ಟಿಂಗ್ ಅಕ್ಕ ಎಂದರೆ ಆಟವನ್ನು ದಿನವಿಡೀ ಆಡಿ ಅದರ ತಪ್ಪು ಹಿಡಿಯುವವಳು. ಆಫೀಸಿನಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ಅಕ್ಕ. ಆಟ ಆಡೋಕೆ ಸಂಬಳ ಕೊಡ್ತಾರಾ ಎಂದು ಯಾರಾದರೂ ಕೇಳಿದರೆ, ಒಂದೇ ಬಂಡೆಗೆ ಬೆಳಿಗ್ಗೆಯಿಂದ ಸಂಜೆವರೆಗೆ ತಲೆ ಚಚ್ಚಿಕೊಳ್ಳೋಕೆ ಕೊಡ್ತಾರೆ ಎನ್ನುತ್ತಿದ್ದಳು. ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ. ಬಂಡೆಯೊಳಗೆ ಕಾಲು ತೂರಿ ಹೋಗ್ತಿದೆ, ಸತ್ತ ಮೊಲ ಮತ್ತೆ ಓಡ್ತಿದೆ, ನದಿ ಮೇಲಕ್ಕೆ ಹರೀತಿದೆ ಎಂದು ಒಂದೇ ದನಿಯಲ್ಲಿ ಬಂದು ಹೇಳಿ ಹೋಗುವಳು. ಅವಳು ಬರುವುದನ್ನು ಕಂಡರೆ ಅವನಿಗೆ ಯಾವಾಗಲೂ, ಶಾಲೆಯಲ್ಲಿ ಕಾಪಿ ತಿದ್ದಿಸಿಕೊಳ್ಳಲು ನಿಂತ ಹಾಗೆ ಬೆನ್ನು ನೆಟ್ಟಗಾಗುತ್ತಿತ್ತು. ಅಂಥವಳಿಗೇ ಪಾಚಿಯ ಪಾಠ ಹೇಳುವ ಚಪಲ ತನಗೇಕೆ ಬಂತು. ಅದಕ್ಕೇ ಬಂದಿರಬೇಕು. ಯಾವುದೋ ಗುಂಡಿಯಲ್ಲಿ ಕಾಲಿಟ್ಟು ಅವಳ ಪಾದ ಉಳುಕಿದಾಗ, ಸುತ್ತ ಒಂದೂ ಹಳದಿ ಬಾಣ ಕಾಣುತ್ತಿರಲಿಲ್ಲ. ಅವಳ ಚೀಲ, ಚೀಲದೊಳಗೆ ಫೋನು, ನೀರು, ಎಲ್ಲ ಬಸ್ಸಿನಲ್ಲೇ ಉಳಿದಿದ್ದವು. ಅವನ ಫೋನು ಮರದ ತೊಗಟೆಯ ಫೋಟೋ ತೆಗೆದು ತೆಗೆದು ಸತ್ತುಹೋಗಿತ್ತು. ಅವಳು ಮರಕ್ಕೆ ಒರಗಿ ಕೂತು, ಮುಖ ಕಿವುಚಿಕೊಂಡು, ನೀರಿದೆಯಾ ಎಂದು ಕೇಳಿದಳು. ಇಲ್ಲ, ಮುಗಿದುಹೋಯ್ತು ಎಂದ.

ಈ ಇಲ್ಲ ಎಂಬ ಮಾತು ಎಲ್ಲಿಂದ ಬಂತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು, ಎದುರಿನ ಹೆಂಗಸು ಆಟದಲ್ಲಿ ಸೋತು ಕಿಟಕಿಯಾಚೆ ನೋಡುತ್ತಿದ್ದಳು, ಅವನು ಎರಡು ದಿನದಿಂದ ಜಗಿಯುತ್ತಿದ್ದುದನ್ನೇ ಮತ್ತೆ ಜಗಿದ. ಯೋಚನೆ ಮಾಡಿ ಹೇಳಿದ ಸುಳ್ಳಾಗಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಇದು ಸೀನು ಬಂದ ಹಾಗೆ ಬಂತು. ಶನಿವಾರ ಆ ಹೊತ್ತಿನಲ್ಲಿ ಅವನ ಬೆನ್ನಿನ ಚೀಲದಲ್ಲಿ, ಮಡಿಚಿಟ್ಟ ಸ್ವೆಟರಿನ ಅಡಿಯಲ್ಲಿ ಅರ್ಧ ಬಾಟಲಿ ನೀರಿತ್ತು. ಇದೆ ಎಂದು ಈಗಲಾದರೂ ಹೇಳಬಹುದಲ್ಲ, ಮರೆತಿದ್ದೆ ಎನ್ನಬಹುದಲ್ಲ ಎಂದು ಯೋಚಿಸುತ್ತಿರುವಾಗಲೇ ಅವನ ಬಾಯಿ, ನೀವಿಲ್ಲೇ ಕೂತಿರಿ, ನಾನು ದಾರಿ ನೋಡಿಕೊಂಡು ಬರ್ತೀನಿ ಎಂದಿತ್ತು. ಒಂದು ದೊಡ್ಡ ಮರದ ಹಿಂದೆ ಹೋಗಿ ನಿಂತು ಬಿರಡೆ ತಿರುಗಿಸಿದ. ಒಂದು ಗುಟುಕು ಕುಡಿದು ಉಳಿದದ್ದನ್ನು ಅವಳಿಗೆ ಕೊಡುವುದು, ಇಲ್ಲೊಂದು ಬಾಟಲಿ ಸಿಕ್ಕಿತು ಎನ್ನುವುದು. ಕಾಡಿನಲ್ಲಿ ಬಾಟಲಿ ಸಿಕ್ಕಿತೇ ಎಂದು ಅವಳು ಕೇಳುತ್ತಾಳೆ. ಹಾಗಾದರೆ ಇನ್ನೊಂದು ಗುಟುಕು. ಹೀಗೆ ಒಂದೊಂದು ಗುಟುಕಿಗೂ ಒಂದೊಂದು ಕಾರಣ ಒದಗಿ ಬಂದು ಬಾಟಲಿ ಬರಿದಾಯಿತು. ಅಗ್ಗದ ತೆಳು ಪ್ಲಾಸ್ಟಿಕ್ಕು. ಕೊನೆಯ ಹನಿ ಹೀರುವಾಗ ಅದು ಒಳಕ್ಕೆ ಕುಗ್ಗಿ, ಬಾಯಿಂದ ತೆಗೆದ ಕೂಡಲೇ ಚಟಾರ್ ಎಂದಿತು. ಆ ಮೌನದಲ್ಲಿ ಯಾರೋ ಗುಂಡು ಹೊಡೆದ ಹಾಗೆ. ಅವನು ತುಟಿ ಒರೆಸಿಕೊಂಡು ಹಿಂದಿರುಗಿದಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ಸಿಕ್ತಾ ಎಂದು ಕೇಳಿದಳು. ಅವನು ಗಾಬರಿಯಿಂದ ದಾರಿನಾ ಎಂದ. ಇನ್ನೇನು ಎಂದಳು ಅವಳು.

ಇನ್ನೇನು. ಆ ಒಂದು ಮಾತಿನಲ್ಲಿ ಏನಿತ್ತು ಎಂದು ಅವನು ಭಾನುವಾರ ಪೂರ್ತಿ ಅಳೆದು ತೂಗಿ ನೋಡಿದ್ದ. ಅವಳಿಗೆ ಕೇಳಿಸಿತ್ತು, ಸಂಶಯವೇ ಇಲ್ಲ. ಬಂಡೆಯ ಬಿರುಕು ಹುಡುಕುವ ಕಿವಿ ಅದು. ಆಮೇಲೆ ನಡೆದದ್ದು ಕಾಡಿನ ಮರ್ಯಾದೆಗೂ ಕುಂದು ತರುವಂಥದ್ದು: ನಾಯಿ ಅಡ್ಡಾಡಿಸಲು ಬಂದಿದ್ದ ವಯಸ್ಸಾದ ಗಂಡ ಹೆಂಡತಿ ಇವರನ್ನು ಕಂಡು, ಇಲ್ಯಾಕೆ ಕೂತಿದ್ದೀರಿ ಎಂದು ವಿಚಾರಿಸಿ, ಎದುರಿನ ದಿಬ್ಬ ಹತ್ತಿಸಿದರು; ದಿಬ್ಬದ ಆಚೆಯೇ ಕ್ಯಾಂಟೀನು. ಕಿರುಚಿದ್ದರೆ ಟೀ ತಂದುಕೊಡುವಷ್ಟು ಹತ್ತಿರ. ಅಕ್ಕನಿಗೆ ಭುಜ ಕೊಟ್ಟು ಅವನು ದಿಬ್ಬ ಇಳಿದು ಬರುವ ದೃಶ್ಯ ಬಾಸ್ ಕಣ್ಣಿಗೆ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಎದ್ದು ನಿಂತು, ಒಬ್ಬನೇ ಓಡಿಬರಬಹುದಾಗಿದ್ದರೂ ಗಾಯಗೊಂಡ ಸಹೋದ್ಯೋಗಿಯನ್ನು ಕೈಬಿಡದ ನಮ್ಮ ಮಂತ್ರಿ ಎಂದು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಅವನಿಗೆ ಆ ಚಪ್ಪಾಳೆಗಳಲ್ಲಿ ಅವಳದೊಂದೇ ಬೇರೆಯಾಗಿ, ಚಟ್ ಚಟ್ ಎಂದು ಕೇಳಿಸಿತು.

ಮನೆಯಲ್ಲಿ ಹೆಂಡತಿಗೆ, ದಾರಿ ತಪ್ಪಿತ್ತು, ಯಾರೋ ತೋರಿಸಿದರು ಎಂದಷ್ಟೇ ಹೇಳಿದ್ದ. ಅವಳು ಹೆಚ್ಚು ಕೇಳಲಿಲ್ಲ. ಅವಳು ಯಾವುದನ್ನೂ ಹೆಚ್ಚು ಕೇಳುವವಳಲ್ಲ, ಅದೇ ಅವನಿಗೆ ಕಷ್ಟ. ಹಿಂದೊಮ್ಮೆ ಅವಳಿಗೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಇವನು ಚೀಲ ತುಂಬ ಕಿತ್ತಳೆ ಕೊಂಡು ಬಸ್ಸು ಹತ್ತಿದ್ದ. ಒಂದು ಸುಲಿದು ತಿಂದರೆ ಏನಾಗುತ್ತದೆ ಎಂದು ಶುರುವಾದದ್ದು ಆಸ್ಪತ್ರೆಯ ಗೇಟಿನವರೆಗೆ ನಡೆದು, ಮಂಚದ ಪಕ್ಕ ನಿಂತಾಗ ಕೈಯಲ್ಲಿದ್ದದ್ದು ಎರಡು. ಉಳಿದವೆಲ್ಲ ಕೊಳೆತಿದ್ದವು, ಎಸೆದುಬಿಟ್ಟೆ ಎಂದ. ಹೆಂಡತಿ ಅವನ ಕೈ ಹಿಡಿದುಕೊಂಡಳು. ನರ್ಸುಗಳು ನೋಡಿದರೆ ಪ್ರೀತಿಯಿಂದ ಹಿಡಿದದ್ದೆನ್ನಬೇಕು. ಬೆರಳುಗಳನ್ನು ಮೂಗಿನ ಹತ್ತಿರ ಒಯ್ದು, ಹಾಗೇ ಕೆಳಗಿಟ್ಟು, ಒಂದು ಹಣ್ಣು ಸುಲಿದುಕೊಡಿ ಎಂದಳು. ಅಷ್ಟೇ. ಅವಳು ಒಂದು ಮಾತು ಅಂದಿದ್ದರೆ ಅವನು ಜಗಳವಾಡಿ, ಅತ್ತು, ಕ್ಷಮೆ ಕೇಳಿ, ಹಗುರಾಗಿಬಿಡುತ್ತಿದ್ದ.

ಅವನು ಬಸ್ಸಿಳಿದು ಆಫೀಸು ತಲುಪಿದಾಗ ಮೀಟಿಂಗ್ ರೂಮಿನಲ್ಲಿ ಬಾಸ್ ಆಗಲೇ ಬಿಳಿ ಹಲಗೆಯ ಮುಂದೆ ನಿಂತಿದ್ದರು. ಕಾಡು ನೋಡಿ ಬಂದ ಮನುಷ್ಯರಾಗಿ ಈಗ ಹೇಳಿ, ಕಾಡಿನಲ್ಲಿ ಬದುಕುವ ಆಟ ಒಳ್ಳೇದಾಗೋದು ಯಾವುದರಿಂದ ಎಂದು ಪ್ರಶ್ನೆ ಹಾಕಿದರು. ಚಿತ್ರ ಬರೆಯುವ ಹುಡುಗಿ ಮರಗಳ ನೆರಳಿನಿಂದ ಎಂದಳು. ಮರ ಚೆಂದ ಇದ್ದಷ್ಟೂ ಫೋನು ಕಾದು ಕೈ ಸುಡುತ್ತೆ ಎಂದು ಪ್ರೋಗ್ರಾಮರ್ ಗೊಣಗಿದ. ಶಬ್ದದಿಂದ ಎಂದು ಯಾರೋ ಅಂದರು. ಬಸ್ಸಿನಲ್ಲಿ ಆಡೋರು ಶಬ್ದ ಬಂದ್ ಮಾಡಿಕೊಂಡೇ ಆಡೋದು ಎಂದು ಇನ್ಯಾರೋ ಅಂದರು. ಬಾಸ್ ಸ್ವತಃ ಒಂದು ಉತ್ತರ ತಂದಿದ್ದರು. ಬಾಯಾರಿ ಸಾಯುವ ಗಳಿಗೆಯಲ್ಲಿ ಆಡುವವನು ಟೂತ್‌ಪೇಸ್ಟಿನ ಜಾಹೀರಾತೊಂದನ್ನು ಕೊನೆಯವರೆಗೆ ನೋಡಿದರೆ ಒಂದು ಬಾಟಲಿ ನೀರು. ನಿಸರ್ಗದ ಜೊತೆ ಮನುಷ್ಯನ ಹೋರಾಟ ಎಂದರೆ ಇದೇ ಎಂದು ಅವನಿಗೆ ಅನ್ನಿಸಿತು, ಆದರೆ ಎಲ್ಲರ ಹಾಗೆ ಅವನೂ ತಲೆದೂಗಿದ. ಕೊನೆಗೆ ಬಾಸ್ ಅಕ್ಕನ ಕಡೆ ತಿರುಗಿ ಹೊಸದಾಗಿ ಸೇರಿಸಿದ ಜೊತೆಗಾರ ಹೇಗಿದ್ದಾನೆ ಎಂದು ಕೇಳಿದರು. ಒಬ್ಬನೇ ಇದ್ದರೆ ಬೇಜಾರು ಎಂದು ವಿಮಾನ ಬಿದ್ದಾಗ ಬದುಕುಳಿದ ಇನ್ನೊಬ್ಬನನ್ನು ಆಟದೊಳಗೆ ಬಿಟ್ಟಿದ್ದರು. ಅಕ್ಕ ಬ್ಯಾಂಡೇಜು ಸುತ್ತಿದ ಕಾಲನ್ನು ಖಾಲಿ ಕುರ್ಚಿಯ ಮೇಲೆ ಚಾಚಿ ಕೂತಿದ್ದಳು.

"ಒಂದು ತಪ್ಪಿದೆ," ಎಂದಳು. "ಜೊತೆಗಾರ ಬಾಯಾರಿ ಬಿದ್ದಿರ್ತಾನೆ. ಆಡೋನು ಅವನ ಪಕ್ಕದಲ್ಲೇ ನಿಂತು ಗಟಗಟ ಅಂತ ಪೂರ್ತಿ ನೀರು ಕುಡೀಬಹುದು. ಜೊತೆಗಾರ ಏನೂ ಅನ್ನಲ್ಲ, ಏನೂ ಆಗಲ್ಲ. ಇದು ಬೇಕಂತ ಮಾಡಿದ್ದಾ, ತಪ್ಪಾಗಿದ್ದಾ?"

ಎಲ್ಲರೂ ಮಂತ್ರಿಯ ಮುಖ ನೋಡಿದರು, ನೀರು ಅವನ ಖಾತೆ. ಇದು ತನಗೇ ಬಿಟ್ಟ ಬಾಣ ಎಂದು ಅವನಿಗೆ ಖಾತ್ರಿಯಾಯಿತು. ಎಷ್ಟು ನಾಜೂಕಾಗಿ, ಎಷ್ಟು ಜನರ ಎದುರು, ಎಂಥ ಮುಖ ಇಟ್ಟುಕೊಂಡು. ಯೋಚನೆ ಮಾಡಬೇಕು ಎಂದು ತೊದಲಿದ. ಅಕ್ಕ ತಲೆಯಾಡಿಸಿ, ಮಾಡಿ ಹೇಳಿ ಎಂದಳು. ಮಾಡಿ ಹೇಳಿ. ಎರಡು ದಿನದಿಂದ ಇದನ್ನೇ ಹೊಂಚಿ ಕಾದಿದ್ದಾಳೆ. ಬಾಸ್ ನಡುವೆ ಬಾಯಿ ಹಾಕಿ, ನಮ್ಮ ಮಂತ್ರಿ ಇದ್ದರೆ ಜೊತೆಗಾರನಿಗೇ ಮೊದಲು ಕುಡಿಸೋರು ಅಲ್ವಾ ಎಂದು ನಕ್ಕಾಗ ಎಲ್ಲರೂ ನಕ್ಕರು. ಅವನೂ ನಕ್ಕ. ನಗುವಾಗ ಮೇಲಿನ ತುಟಿ ಹಲ್ಲಿಗೆ ಅಂಟಿಕೊಂಡಿತು.

ಮೀಟಿಂಗ್ ಮುಗಿದ ಮೇಲೆ ಅವನು ಅವಳನ್ನು ಹುಡುಕಿಕೊಂಡು ಹೋದ. ಇಲ್ಲ, ಅವಳಿಂದ ತಪ್ಪಿಸಿಕೊಂಡು ಹೋಗಿ ಟೀ ಮೆಷಿನ್ನಿನ ಹತ್ತಿರ ನಿಂತ. ಅವಳೇ ಕುಂಟುತ್ತ ಅಲ್ಲಿಗೆ ಬಂದಳು. ಬೆಳಿಗ್ಗೆಯಿಂದ ನಿಮ್ಮ ಹತ್ತಿರ ಒಂದು ಮಾತಾಡಬೇಕು ಅಂತಿದ್ದೆ ಎಂದು ಅವಳು ಶುರುಮಾಡಿದ ಕೂಡಲೇ ಅವನು ಗಾಬರಿಬಿದ್ದ. ಅವಳು ಹೇಳುವ ಮೊದಲೇ ತಾನು ಹೇಳಿದರೆ ಸ್ವಲ್ಪವಾದರೂ ದೊಡ್ಡವನಾಗುತ್ತೇನೆ ಎಂಬ ಲೆಕ್ಕಾಚಾರ ಆ ಗಾಬರಿಯಲ್ಲೂ ಅವನ ತಲೆಯಲ್ಲಿ ನಡೆಯಿತು.

"ಮೀಟಿಂಗಲ್ಲಿ ನೀವು ಹೇಳಿದ್ದು ನನಗೆ ಅರ್ಥ ಆಯ್ತು," ಎಂದ. "ನೇರವಾಗೇ ಬೈದಿದ್ರೆ ಚೆನ್ನಾಗಿತ್ತು. ನೀರಿತ್ತು, ನಿಜ. ಅರ್ಧ ಬಾಟಲಿ. ಯಾಕೆ ಇಲ್ಲ ಅಂದೆ ಅಂತ ನನಗೇ ಗೊತ್ತಿಲ್ಲ."

ಅಕ್ಕ ಕಪ್ಪನ್ನು ಮೆಷಿನ್ನಿನ ಕೆಳಗಿಟ್ಟವಳು ಗುಂಡಿ ಒತ್ತಲಿಲ್ಲ. "ಯಾವ ನೀರು?" ಎಂದಳು.

ಅವಳು ನಟಿಸುತ್ತಿಲ್ಲ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಮುಖಕ್ಕೆ ನಟನೆ ಬರುವುದಿಲ್ಲ. ಕಾಲ ಕೆಳಗಿನ ನೆಲದಲ್ಲಿ ಆಟದ ನೆಲದ ಹಾಗೆ ತೂತು ಬಿದ್ದು, ಅದರೊಳಗೆ ಮೆಲ್ಲಗೆ ಇಳಿಯುತ್ತಿರುವಂತಾಯಿತು. ನಿಮಗೆ ಶಬ್ದ ಕೇಳಿಸಿತ್ತು ಅಂದ್ಕೊಂಡೆ ಎಂದು ಗೊಣಗಿದ. ಆ ಹೊತ್ತಿಗೆ ನನಗೆ ನನ್ನ ಕಾಲು ಬಿಟ್ಟರೆ ಬೇರೇನೂ ಕೇಳಿಸ್ತಿರಲಿಲ್ಲ ಎಂದಳು ಅವಳು. ಆಮೇಲೆ ಅವನನ್ನು ನೋಡಿದಳು. ನದಿ ಮೇಲಕ್ಕೆ ಹರಿಯುವುದನ್ನು ನೋಡುವ ನೋಟ ಅದು.

"ಇದನ್ನ ಯಾಕೆ ಹೇಳೋಕೆ ಹೋದ್ರಿ?" ಎಂದಳು. "ನಾನು ಬಂದದ್ದು ಬೇರೆ ಮಾತಿಗೆ. ನೀವು ಬಿಟ್ಟು ಹೋಗದೆ ನನ್ನ ಜೊತೆ ಇದ್ರಿ ಅಂತ ಅಮ್ಮನಿಗೆ ಹೇಳಿದ್ದೆ. ಭಾನುವಾರ ಮನೆಯವರನ್ನ ಕರ್ಕೊಂಡು ಊಟಕ್ಕೆ ಬರ್ಲಿ ಅಂತ ಹಟ ಹಿಡಿದಿದ್ದಾಳೆ."

ಇಂಥ ಹೊತ್ತಿನಲ್ಲಿ ಬೇಡ ಎನ್ನುವವನು ಸಜ್ಜನ. ಅವನು ಬೇಡ ಎಂದ. ಆದರೆ ಬೇಡ ಅಂದ್ರೆ ಅಮ್ಮ ಯಾಕೆ ಅಂತ ಕೇಳ್ತಾಳೆ, ನಾನೇನು ಹೇಳಲಿ ಎಂದು ಅವಳು ಕೇಳಿದಳು. ಅವಳು ಗುಂಡಿ ಒತ್ತಿ, ಟೀ ತುಂಬಿಸಿಕೊಂಡು, ಹೋಗುವ ಮುಂಚೆ, ಮೀಟಿಂಗಲ್ಲಿ ಕೇಳಿದ್ದು ಆಟದ ವಿಷಯ ಅಷ್ಟೇ, ಅದಕ್ಕೊಂದು ತೀರ್ಮಾನ ಹೇಳಿ, ನನ್ನ ಕೆಲಸ ನಿಂತಿದೆ ಎಂದಳು.

ತೀರ್ಮಾನ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಕುರ್ಚಿಯಲ್ಲಿ ತಿರುಗುತ್ತ, ಅದು ತಪ್ಪಲ್ಲ, ಬೇಕಂತಲೇ ಹಾಗೆ ಎಂದು ಬರೆದು ಅಳಿಸಿದ. ಜೊತೆಗಾರನಿಗೂ ಸಮಪಾಲು ನೀರು ತಾನಾಗಿಯೇ ಹೋಗುವಂತೆ ಮಾಡಿ ನೋಡಿದ. ಆಡಿದವರೆಲ್ಲ, ಇವನ್ಯಾವನು ನನ್ನ ನೀರು ಕುಡಿಯೋನು ಎಂದು ಸಿಟ್ಟಾದರು. ಮನುಷ್ಯಜಾತಿಯಲ್ಲಿ ತಾನು ಒಂಟಿಯಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಕೊನೆಗೆ ಬೇರೆ ಏನನ್ನೂ ಯೋಚಿಸಲಾರದೆ ತನ್ನ ಹೊಟ್ಟೆಯೊಳಗೆ ಇದ್ದದ್ದನ್ನೇ ತೆಗೆದು ಆಟದೊಳಗೆ ಇಟ್ಟ. ಆಡುವವನು ಕೊಡದೆ ಕುಡಿದರೆ ಜೊತೆಗಾರ ಒಂದು ಮಾತೂ ಆಡುವುದಿಲ್ಲ. ಆದರೆ ಅಲ್ಲಿಂದ ಮುಂದೆ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಾನೆ. ಬೆಂಕಿ ಹಾಕಿದರೆ ಎದುರು ಮಗ್ಗುಲಲ್ಲಿ ಕೂರುತ್ತಾನೆ. ತೋಳ ಬಂದರೆ ಎಬ್ಬಿಸುತ್ತಾನೆ, ಎಬ್ಬಿಸುವುದನ್ನು ಬಿಡುವುದಿಲ್ಲ, ಆದರೆ ಸ್ವಲ್ಪ ತಡವಾಗಿ. ಆಡಿ ನೋಡಿದವರು ಪೆಚ್ಚಾದರು. ಪ್ರೋಗ್ರಾಮರ್ ಒಮ್ಮೆ ಕದ್ದು ಕುಡಿದು, ಆಟ ನಿಲ್ಲಿಸಿ, ಮೊದಲಿನಿಂದ ಶುರುಮಾಡಿದ. ಚಿತ್ರ ಬರೆಯುವ ಹುಡುಗಿ, ಯಾಕೋ ಅಳು ಬಂತು ಎಂದಳು. ಬಾಸ್ ಹಿಗ್ಗಿ ಹೀರೇಕಾಯಿಯಾದರು. ಒಳ್ಳೆ ಆಟ ಅಂದ್ರೆ ಇದೇ ಕಣ್ರಯ್ಯಾ, ಜೀವ ಹೋಗೋದಲ್ಲ, ಮಾನ ಹೋಗೋದು ಎಂದು ಕೂಗಿ, ಹಸಿವು ಬಾಯಾರಿಕೆ ಚಳಿಯ ಮೀಟರುಗಳ ಪಕ್ಕದಲ್ಲಿ ನಾಚಿಕೆಗೂ ಒಂದು ಮೀಟರು ಹಾಕಿ ಎಂದು ಅಪ್ಪಣೆ ಮಾಡಿದರು. ಬಣ್ಣ ಕೆಂಪು. ತುಂಬಿಹೋದರೆ ಒಂದು ಜಾಹೀರಾತು ನೋಡಿದ ಕೂಡಲೇ ಅರ್ಧಕ್ಕೆ ಇಳಿಯಬೇಕು.

ಮೀಟರನ್ನು ಪರೀಕ್ಷಿಸುವ ಕೆಲಸ ಯಾರಿಗೆ ಬರಬೇಕೋ ಅವರಿಗೇ ಬಂತು. ಆಮೇಲಿನ ದಿನಗಳಲ್ಲಿ ಅಕ್ಕ ಪಕ್ಕದ ಮೇಜಿನಲ್ಲಿ ಕಾಲು ಚಾಚಿಕೊಂಡು ಕೂತು, ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಾರಿದ ಜೊತೆಗಾರನ ಪಕ್ಕದಲ್ಲಿ ನೀರು ಕುಡಿದಳು. ಅವಳು ಒತ್ತಿದಾಗಲೆಲ್ಲ ಫೋನಿನಿಂದ ಗಟಗಟ ಎಂಬ ಶಬ್ದ ಬರುತ್ತಿತ್ತು. ಆ ಶಬ್ದವನ್ನು ಹಿಂದೆ ಅವನೇ, ತನ್ನ ಗಂಟಲಿನಿಂದಲೇ, ಮೈಕಿನ ಮುಂದೆ ನೀರು ಕುಡಿದು ರೆಕಾರ್ಡು ಮಾಡಿಕೊಟ್ಟಿದ್ದ. ಇದು ಸೇಡೋ ಕೆಲಸವೋ ಎಂದು ಅವನು ಓರೆಗಣ್ಣಿನಿಂದ ನೋಡಿದ. ಕೆಲಸವೇ. ಸೇಡಾಗಿದ್ದರೆ ಎಷ್ಟು ಹಿತವಾಗಿರುತ್ತಿತ್ತು. ಒಂದು ಮಧ್ಯಾಹ್ನ ಅವಳು ಎದ್ದು ಬಂದು ಅವನ ಮೇಜಿಗೆ ಕೈಯೂರಿ ನಿಂತಳು.

"ಜೊತೆಗಾರನ ಎದುರು ಕುಡಿದ್ರೆ ನಾಚಿಕೆ ಏರ್ತಿದೆ," ಎಂದಳು. "ಮರದ ಹಿಂದೆ ಹೋಗಿ ಕುಡಿದ್ರೆ ಏರ್ತಿಲ್ಲ. ಆಗ್ಲೂ ಏರ್ಬೇಕಾ?"

ಅವನು ಅವಳ ಕಣ್ಣು ತಪ್ಪಿಸಿ ಕೀಬೋರ್ಡು ನೋಡಿದ. "ಏರ್ಬೇಕು," ಎಂದ.

"ಹಾಗಾದ್ರೆ ತಪ್ಪು ಅಂತ ಬರ್ಕೊಳ್ತೀನಿ," ಎಂದು ಹೋದಳು.

ಭಾನುವಾರ ಅಕ್ಕನ ಮನೆಯ ಊಟಕ್ಕೆ ಹೊರಡಲೇಬೇಕಾಯಿತು; ಹೆಂಡತಿ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ದಾರಿಯಲ್ಲಿ ಹೂವಿನ ಗಿಡವೊಂದನ್ನು ಕುಂಡದ ಸಮೇತ ಕೊಂಡಳು. ಹಣ್ಣು ಕೊಳ್ಳಲಿಲ್ಲ. ಅದರಲ್ಲಿ ಅರ್ಥವಿದೆಯೇ ಎಂದು ಅವನು ಬಸ್ಸಿನುದ್ದಕ್ಕೂ ಯೋಚಿಸಿದ. ಅಕ್ಕನ ಮನೆ ಲಿಫ್ಟಿಲ್ಲದ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಎರಡು ಕೋಣೆ, ಕಿಟಕಿಯ ಹತ್ತಿರ ಊಟದ ಮೇಜು, ನಾಲ್ಕು ಕುರ್ಚಿಗಳಲ್ಲಿ ಒಂದು ಪಕ್ಕದ ಮನೆಯಿಂದ ತಂದದ್ದು. ಅಕ್ಕನ ತಾಯಿ ಗುಬ್ಬಚ್ಚಿಯಂಥ ಮುದುಕಿ. ಬಾಗಿಲು ತೆಗೆದವಳು ಅವನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದು, ಎಲ್ಲಕ್ಕಿಂತ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿದಳು. ನನ್ನ ಮಗಳನ್ನ ಕಾಡಲ್ಲಿ ಬಿಟ್ಟು ಬರಲಿಲ್ಲ ನೀನು, ಬೇರೆಯವರಾಗಿದ್ರೆ ಏನು ಮಾಡ್ತಿದ್ರೋ ಎಂದು ಬಡಿಸುತ್ತ ಹೇಳಿದಳು. ಬಡಿಸಿಯಾದ ಮೇಲೆ ಹೇಳಿದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದಾಗ ಕೈಯ ಮೇಲೆಯೇ ಬಡಿಸುವುದಾಗಿ ಹೆದರಿಸಿ ಹೇಳಿದಳು. ಅವನು ತಲೆ ತಗ್ಗಿಸಿ ತಿಂದ. ಬೇಡ ಎನ್ನುವ ಅಧಿಕಾರ ತನಗಿಲ್ಲವೆಂದು ತಿಂದ. ನಾಚಿಕೆಯಿಂದ ಗಂಟಲಲ್ಲಿ ಅನ್ನ ಇಳಿಯಬಾರದಾಗಿತ್ತು. ಇಳಿಯಿತು, ರುಚಿಯಾಗಿಯೂ ಇತ್ತು, ಎರಡನೆಯ ಸಲ ತಾನೇ ತಟ್ಟೆ ಮುಂದೆ ಮಾಡಿದ್ದು ಮಾಡಿದ ಮೇಲೆ ಗೊತ್ತಾಯಿತು.

ಹೆಂಡತಿ ಮುದುಕಿಯ ಮಾತಿಗೆಲ್ಲ ಹೌದಾ, ಹೌದಾ ಎನ್ನುತ್ತಿದ್ದಳು. ತನಗೆ ಮನೆಯಲ್ಲಿ ಇವರು ಏನೂ ಹೇಳಿಲ್ಲ ಎಂದೂ ಸೇರಿಸಿದಳು. ಹೇಳಿಕೊಳ್ಳೋರಲ್ಲ, ಅದೇ ದೊಡ್ಡ ಗುಣ ಎಂದು ಮುದುಕಿ ಅದನ್ನೂ ಅವನ ಲೆಕ್ಕಕ್ಕೇ ಜಮಾ ಮಾಡಿದಳು. ಆಗ ಹೆಂಡತಿ ಅಕ್ಕನ ಕಡೆ ತಿರುಗಿ, ಸುಮ್ಮನೆ ಮಾತಿಗೆಂಬಂತೆ, ಅಷ್ಟು ಹೊತ್ತು ಆ ಬಿಸಿಲಲ್ಲಿ ಏನು ಮಾಡಿದ್ರಿ, ಕುಡಿಯೋಕೆ ನೀರಾದ್ರೂ ಇತ್ತಾ ಎಂದು ಕೇಳಿದಳು.

ಅವನ ಕೈ ತಟ್ಟೆಯಲ್ಲಿ ನಿಂತಿತು. ಅಕ್ಕ ಒಮ್ಮೆ ತಾಯಿಯ ಮುಖ ನೋಡಿದಳು. ಮುದುಕಿ ಸೌಟು ಹಿಡಿದು, ಮಗಳ ಬಾಯಿಂದ ಕತೆಯನ್ನು ಇನ್ನೊಮ್ಮೆ ಕೇಳುವ ಆಸೆಯಿಂದ ಕಾಯುತ್ತಿದ್ದಳು.

"ಅರ್ಧ ಬಾಟಲಿ ಇತ್ತು," ಎಂದಳು ಅಕ್ಕ. "ಇವರ ಹತ್ರ. ನನಗೇ ಕೊಟ್ರು, ಅವರು ಮುಟ್ಟಲಿಲ್ಲ."

ಸತ್ತ ಮೊಲ ಮತ್ತೆ ಓಡುತ್ತಿದೆ ಎಂದು ಹೇಳುವ ಅದೇ ದನಿ, ಅದೇ ಮುಖ. ಮುದುಕಿಯ ಕಣ್ಣು ತುಂಬಿ ಬಂತು. ಅವನಿಗೆ ಎದ್ದು ನಿಂತು ಸುಳ್ಳು ಎನ್ನಬೇಕೆನಿಸಿತು. ಹಾಗೆ ಅಂದರೆ ಈಗ ಸುಳ್ಳುಗಾರ್ತಿಯಾಗುವವಳು ಅಕ್ಕ, ಅವಳ ಮಾನ ಉಳಿಸಲು ತಾನು ಸುಮ್ಮನಿರುವುದೇ ಧರ್ಮ ಎಂದು ಆ ಗಳಿಗೆಯಲ್ಲೂ ಒಂದು ಕಾರಣ ಎಲ್ಲಿಂದಲೋ ಒದಗಿ ಬಂದು ಅವನನ್ನು ಕ್ಷೇಮವಾಗಿ ಕೂರಿಸಿತು. ತಲೆಯೆತ್ತಿದಾಗ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಒಂದು ಕ್ಷಣ ಅಷ್ಟೇ. ಆಮೇಲೆ ಅವಳು ಮುದುಕಿಗೆ, ಊಟ ತುಂಬಾ ಚೆನ್ನಾಗಿದೆ ಅಮ್ಮ, ಇದನ್ನ ಹೇಗೆ ಮಾಡಿದ್ರಿ ಎಂದು ಕೇಳಿದಳು.

ಹೊರಡುವಾಗ ಮುದುಕಿ ಬಾಗಿಲವರೆಗೆ ಬಂದು ಅವನ ಬೆನ್ನು ಸವರಿದಳು. ಅಕ್ಕ ಒಳಗೆ ಪಾತ್ರೆ ಎತ್ತಿಡುತ್ತಿದ್ದಳು. ಅಲ್ಲಿಂದಲೇ, ನಾಳೆ ಸಿಗೋಣ ಎಂದಳು. ಮೆಟ್ಟಿಲಿನಲ್ಲಿ ಕತ್ತಲು ಕತ್ತಲಾಗಿತ್ತು, ಗೋಡೆಯ ಸುಣ್ಣ ಕೈಗೆ ಅಂಟುತ್ತಿತ್ತು. ಹೆಂಡತಿ ಒಂದು ಅಂತಸ್ತು ಇಳಿದಳು. ತಿರುವಿನಲ್ಲಿ ಕಂಬಿ ಹಿಡಿದು ನಿಂತು ಹೇಳಿದಳು:

"ಒಳ್ಳೇ ಹೆಂಗಸು, ಪಾಪ."

ಅವನು ಹ್ಞೂಂ ಎಂದ.

"ಪೂರ್ತಿ ಕುಡಿದ್ರಾ, ಸ್ವಲ್ಪನಾದ್ರೂ ಉಳಿಸಿದ್ರಾ?"

ಏನು ಕೇಳ್ತಿದ್ದೀಯ ಎಂದು ಆಶ್ಚರ್ಯಪಡಬಹುದಾಗಿತ್ತು. ಗಂಡನ ಮೇಲೆ ಇಷ್ಟೂ ನಂಬಿಕೆ ಇಲ್ವಾ ಎಂದು ಸಿಟ್ಟಾಗಬಹುದಾಗಿತ್ತು. ಆ ಸಿಟ್ಟಿಗೆ ಬೇಕಾದ ಮುಖ ಅವನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಹೆಂಡತಿ ಕಾಯುತ್ತಿದ್ದಳು. ಅವಸರವಿಲ್ಲದ, ಸಿಟ್ಟಿಲ್ಲದ ಆ ನಿಲುವಿನ ಮುಂದೆ ಸಿದ್ಧವಿದ್ದ ಮುಖ ಕೆಲಸಕ್ಕೆ ಬರಲಿಲ್ಲ.

"ಪೂರ್ತಿ," ಎಂದ.

ಅವಳು ತಲೆಯಾಡಿಸಿದಳು, ಬಹಳ ದಿನದಿಂದ ಬಾಕಿಯಿದ್ದ ಸಣ್ಣ ವಿಷಯವೊಂದು ಮುಗಿಯಿತೆಂಬ ಹಾಗೆ. ಬಸ್ಸು ಹೊರಟುಬಿಡುತ್ತೆ, ಬೇಗ ಇಳೀರಿ ಎಂದು ಹೇಳಿ, ಸೆರಗು ಸುತ್ತಿಕೊಂಡು ಮುಂದೆ ಇಳಿದಳು. ಅವನು ಹಿಂದೆಯೇ ಹೊರಟ. ಆದರೆ ಮೂಗಿನವರೆಗೆ ತಿಂದಿದ್ದವನಿಗೆ ಬೇಗ ಇಳಿಯಲಾಗಲಿಲ್ಲ.